ತುಳಿಯದೆ ಇದ್ದಾಗ ಬರುವ ಸದ್ದು

ರಾಯದುರ್ಗದ ಚಾಚಾ ಅವರ ಸೈಕಲ್ ಶಾಪಿಗೆ ರಿಪೇರಿಗೆ ಬಂದವರು ಮೊದಲು ಬೈಸಿಕೊಳ್ಳುತ್ತಿದ್ದರು. "ಸದ್ದು ಬರ್ತೈತಿ ಚಾಚಾ, ನೋಡ್ರಿ" ಎಂದು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರೆ ಅವರು ಕೂತಲ್ಲಿಂದ ಏಳುತ್ತಿರಲಿಲ್ಲ. "ಸ್ಟ್ಯಾಂಡ್ ಹಾಕಿದ್ರ ಅದೇನು ಹಾಡ್ತೈತೇನು? ಹೋಗು, ಬೇವಿನ ಗಿಡದ ತನಕ ತಳ್ಕೊಂಡು ಹೋಗು. ಅಲ್ಲಿಂದ ಹತ್ತಿ ಇಳಕೊಂಡು ಬಾ. ತುಳೀಬ್ಯಾಡ. ಕಾಲು ಸುಮ್ನೆ ಇಡು."

ಅಂಗಡಿಯ ಮುಂದಿನ ದಾರಿ ಕೋಟೆಬೆಟ್ಟದ ಕಡೆಯಿಂದ ಇಳಿಜಾರಾಗಿ ಬರುತ್ತಿತ್ತು. ಬಂದವನು ಗೊಣಗಿಕೊಂಡೇ ಸೈಕಲ್ಲನ್ನು ಮೇಲಕ್ಕೆ ತಳ್ಳುತ್ತಿದ್ದ. ಅವನು ಇಳಿದು ಬರುವಾಗ ಚಾಚಾ ಬೀಡಿಯನ್ನೂ ಸೇದದೆ ತಲೆ ತಗ್ಗಿಸಿರುತ್ತಿದ್ದರು. ಸೈಕಲ್ಲು ನಮ್ಮನ್ನು ದಾಟಿ ಹತ್ತು ಮಾರು ಹೋಗುವಷ್ಟರಲ್ಲಿ ತೀರ್ಪು ಬಂದಿರುತ್ತಿತ್ತು. "ಹಿಂದಿನ ಹಬ್ಬಿನ ಕೋನು ಸಡ್ಲ ಐತಿ." ಇಲ್ಲವೆ, "ಫ್ರೀವೀಲಿನಾಗ ಮಣ್ಣು ಕೂತೈತಿ." ಸದ್ದೇ ಬರದಿದ್ದರೆ ಇನ್ನೂ ಖುಷಿ: "ಗಾಲಿದು ತಪ್ಪಿಲ್ಲ ಬಿಡು. ಈಗ ತುಳ್ಕೊಂಡು ಬಾ."

1974ರ ಬೇಸಿಗೆ. ನನ್ನ ಏಳನೇ ತರಗತಿ ಪರೀಕ್ಷೆ ಮುಗಿದಿತ್ತು. ಮನೆಯಲ್ಲಿ ಅಪ್ಪನ ರೇಷ್ಮೆ ಮಗ್ಗ. ರಾಯದುರ್ಗದಲ್ಲಿ ಹೇಗೋ ಗಡಿಯಾಚೆಯ ಮೊಳಕಾಲ್ಮೂರಿನಲ್ಲೂ ಹಾಗೇ, ಬೀದಿ ಬೀದಿಗೆ ಮಗ್ಗಗಳಿದ್ದವು. ನನ್ನನ್ನೂ ಮಗ್ಗದ ಕುಣಿಯೊಳಗೆ ಇಳಿಸಬೇಕೆಂದು ಅಪ್ಪನಿಗೆ ಆಸೆ. ನನಗೆ ಕಾಲು ನಿಲ್ಲುತ್ತಿರಲಿಲ್ಲ. ಕೊನೆಗೆ ಅವ್ವ, "ಬಿಸಿಲಾಗ ತಿರುಗೋ ಬದ್ಲಿ ಸಾಬ್ರ ಅಂಗಡ್ಯಾಗ ಕುಂದರ್ಲಿ ಬಿಡ್ರಿ" ಎಂದಳು. ದಿನಕ್ಕೆ ನಾಲ್ಕಾಣೆ, ಎರಡು ಹೊತ್ತು ಚಹಾ, ಬಾಡಿಗೆಗೆ ಹೋಗದೆ ಉಳಿದ ಸೈಕಲ್ಲನ್ನು ಸಂಜೆ ಒಂದು ಸುತ್ತು ಓಡಿಸುವ ಹಕ್ಕು. ನಾಲ್ಕಾಣೆಗಿಂತ ಆ ಹಕ್ಕಿನ ಮೇಲೇ ನನಗೆ ಕಣ್ಣು. ಅದುವರೆಗೂ ನನ್ನದು ಒಳಪೆಡಲು. ಸೀಟಿನ ಮೇಲೆ ಕೂತರೆ ಕಾಲು ಎಟುಕುತ್ತಿರಲಿಲ್ಲ.

ಮೊದಲ ಒಂದು ವಾರ ನನಗೆ ಕೊಟ್ಟ ಕೆಲಸ ಕೇಳುವುದು, ಅಷ್ಟೇ. ಪಾನಾ ಮುಟ್ಟಿದರೆ ಕೈಮೇಲೆ ಏಟು. ಯಾರಾದರೂ ಇಳಿಜಾರಿನಲ್ಲಿ ಬಂದರೆ ಚಾಚಾ ನನ್ನ ಕಡೆ ಹುಬ್ಬು ಹಾರಿಸುತ್ತಿದ್ದರು: ಹೇಳು. ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು, ಅದೂ ಅಡ್ಡಕ್ಕೆ.

ಆ ವಾರ ಅವರು ನನ್ನ ತಲೆಗೆ ತುಂಬಿದ ಲೆಕ್ಕ ಹೀಗಿತ್ತು. ಸೈಕಲ್ಲಿನಲ್ಲಿ ಎರಡು ಸಂಸಾರ ಇವೆ. ಒಂದು, ನಿನ್ನ ಕಾಲಿಗೆ ಕಟ್ಟಿಕೊಂಡದ್ದು: ಪೆಡಲು, ಕ್ರ್ಯಾಂಕು, ಕಾಟರ್ ಪಿನ್ನು, ಕ್ರ್ಯಾಂಕುಗಳ ನಡುವಿನ ಬಿಬಿ ಅಚ್ಚು, ಮುಂದಿನ ಚೈನ್ ವೀಲು, ಚೈನು. ಇನ್ನೊಂದು, ರಸ್ತೆಗೆ ಕಟ್ಟಿಕೊಂಡದ್ದು: ಟೈರು, ರಿಮ್ಮು, ಕಡ್ಡಿ, ಹಬ್ಬು. ಇವೆರಡರ ನಡುವಿನ ಬೀಗರು ಫ್ರೀವೀಲು. ತುಳಿಯುವಾಗ ಎರಡು ಮನೆಯವರೂ ಒಟ್ಟಿಗೆ ಮಾತಾಡುತ್ತಾರೆ, ಯಾರು ಏನೆಂದರು ಅಂತ ಗೊತ್ತಾಗುವುದಿಲ್ಲ. ಕಾಲು ನಿಲ್ಲಿಸಿದೆಯೋ, ಮೊದಲನೆಯ ಮನೆಯವರು ಪೂರ್ತಿ ಬಾಯಿ ಮುಚ್ಚುತ್ತಾರೆ. ಆಗ ಕೇಳುವುದೆಲ್ಲ ಗಾಲಿಯದು, ಇಲ್ಲವೇ ಬೀಗರದು. ಆದ್ದರಿಂದ, ಕಾಲು ನಿಲ್ಲಿಸಿದ ಕೂಡಲೇ ಸದ್ದು ನಿಂತರೆ ಮುಂದೆ ಹುಡುಕು. ನಿಲ್ಲದಿದ್ದರೆ ಹಿಂದೆ ಹುಡುಕು. ಅರ್ಧ ಕೆಲಸ ಅಲ್ಲಿಗೆ ಮುಗಿಯಿತು, ಒಂದು ನಟ್ಟೂ ಬಿಚ್ಚದೆ.

ಉಳಿದರ್ಧ ಎಣಿಕೆ. ಆಗಿನ ನಮ್ಮ ಸೈಕಲ್ಲುಗಳಲ್ಲಿ, ಅಟ್ಲಾಸ್ ಆಗಲಿ ಹೀರೋ ಆಗಲಿ ಹರ್ಕ್ಯುಲಿಸ್ ಆಗಲಿ, ಹಿಂದಿನ ಫ್ರೀವೀಲಿಗೆ ಸಾಮಾನ್ಯವಾಗಿ 18 ಹಲ್ಲು. ಮುಂದೆ 44 ಇಲ್ಲವೆ 48. 28 ಇಂಚಿನ ಗಾಲಿ. 48 ಹಲ್ಲಿನದಾದರೆ ಪೆಡಲು ಒಂದು ಸುತ್ತು ಸುತ್ತುವಷ್ಟರಲ್ಲಿ ಗಾಲಿ ಎರಡೂವರೆಗಿಂತ ತುಸು ಹೆಚ್ಚು ಸುತ್ತಿ ಸೈಕಲ್ಲು 6 ಮೀಟರಿನಷ್ಟು ಮುಂದೆ ಹೋಗಿರುತ್ತದೆ. ಪೆಡಲಿನ ಸುತ್ತಿಗೊಮ್ಮೆ 'ಟಕ್' ಎಂದರೆ ಕಾಟರ್ ಪಿನ್ನೋ ಬಿಬಿಯ ಕಪ್ಪೋ ಸಡಿಲ. ಎರಡು, ಎರಡೂವರೆ ಸುತ್ತಿಗೊಮ್ಮೆ ತಡವರಿಸಿದಂತಾದರೆ ಚೈನಿನ ಒಂದು ಕೊಂಡಿ ಬಿಗಿದುಕೊಂಡಿದೆ. ಆ ಕೊಂಡಿ ಪೂರಾ ಪ್ರದಕ್ಷಿಣೆ ಮುಗಿಸಿ ಬರಲು ಅಷ್ಟು ಹೊತ್ತು ಬೇಕು. ಕಾಲು ನಿಲ್ಲಿಸಿದರೂ ಗಾಲಿಯ ಸುತ್ತಿಗೊಮ್ಮೆ 'ಸರ್' ಎಂದರೆ ರಿಮ್ಮು ಬೆಂಡು, ಬ್ರೇಕಿನ ಕಟ್ಟೆಗೆ ಸವರುತ್ತಿದೆ. ನನಗೆ ಲೆಕ್ಕದಲ್ಲಿ ಮೂವತ್ತೈದು ದಾಟುತ್ತಿರಲಿಲ್ಲ. ಭಾಗಾಕಾರ ಎಂದರೇನು ಅಂತ ತಲೆಗೆ ಹತ್ತಿದ್ದು ಆ ಅಂಗಡಿಯಲ್ಲಿ.

ಸ್ಕೂಲಿನ ಅಡಿಪಟ್ಟಿಗೂ ಅಲ್ಲಿ ಕೆಲಸ ಸಿಕ್ಕಿತು. ಚೈನಿನ ಒಂದು ಕೊಂಡಿಗೂ ಇನ್ನೊಂದಕ್ಕೂ ನಡುವೆ ಸರಿಯಾಗಿ ಅರ್ಧ ಇಂಚು. 24 ಕೊಂಡಿಗೆ 12 ಇಂಚು, ಅಂದರೆ ನನ್ನ ಅಡಿಪಟ್ಟಿಯಷ್ಟೇ ಉದ್ದ. ಹಳೆಯ ಚೈನನ್ನು ಅದರ ಪಕ್ಕ ಎಳೆದು ಹಿಡಿದಾಗ ಪಿನ್ನು ಪಟ್ಟಿಯ ಅಂಚನ್ನು ಒಂದು ನೂಲು ದಾಟಿತೆಂದರೆ ಚೈನು ಸವೆದಿದೆ. ಚೈನು ಜಗ್ಗಿ ಉದ್ದವಾಗುತ್ತದೆ ಎಂದು ಜನ ಹೇಳುತ್ತಾರೆ. ಕಬ್ಬಿಣ ಜಗ್ಗುವುದಿಲ್ಲ, ಒಂದೊಂದು ಪಿನ್ನೂ ಕೂದಲೆಳೆಯಷ್ಟು ಸವೆದು ಆ ಸವಕಳಿಯೆಲ್ಲ ಕೂಡುತ್ತದೆ. ಒಂದು ನೂಲಿನ ಲೆಕ್ಕ ನೇಕಾರರ ಮಗನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಅಂಗಡಿಯಲ್ಲಿ ಮೂರು ಭಾಷೆ. ಚಾಚಾ ಮನೆಯವರೊಡನೆ ದಖನಿ, ಕಣೇಕಲ್ಲು, ಬೊಮ್ಮನಹಾಳಿನಿಂದ ಬಂದವರೊಡನೆ ಕನ್ನಡ, ಕಲ್ಯಾಣದುರ್ಗದ ದಿಕ್ಕಿನವರೊಡನೆ ತೆಲುಗು. ಅದೇ ಹಬ್ಬು ಒಬ್ಬನಿಗೆ "ಕಿರ್ ಅಂತೈತಿ", ಇನ್ನೊಬ್ಬನಿಗೆ "ಕಿರ್ರುಮಂಟಾ ಉಂದಿ". 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯನ್ನು ಒಡೆದು ರಾಯದುರ್ಗ, ಆಲೂರು, ಆದೋನಿ ತಾಲ್ಲೂಕುಗಳನ್ನು ಆ ಕಡೆಗೆ, ಉಳಿದದ್ದನ್ನು ಮೈಸೂರಿಗೆ ಕೊಟ್ಟರು. ಅಪ್ಪ ಅದನ್ನು ಮನೆ ಪಾಲಾದ ಸುದ್ದಿಯಂತೆ ಹೇಳುತ್ತಿದ್ದ. ಆದರೆ ಚಾಚಾ ಅವರ ಸಾಮಾನು ಮಾತ್ರ ಬಳ್ಳಾರಿಯಿಂದಲೇ, ಮೀಟರ್ ಗೇಜ್ ರೈಲಿನಲ್ಲೇ ಬರುತ್ತಿತ್ತು. ರಟ್ಟಿನ ಡಬ್ಬಿಗಳ ಮೇಲೆಲ್ಲ ಲೂಧಿಯಾನ, ಲೂಧಿಯಾನ. ಅದು ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ; ಇಡೀ ಊರು ಫ್ರೀವೀಲು ಮಾಡುವವರದೇ ಇರಬೇಕೆಂದುಕೊಂಡಿದ್ದೆ.

ಎರಡನೇ ವಾರ ಫ್ರೀವೀಲು ಬಿಚ್ಚಿ ತೋರಿಸಿದರು. ಹೊರಗಿನಿಂದ ಅದು ಹಲ್ಲಿನ ಒಂದು ಬಿಲ್ಲೆ, ಅಷ್ಟೇ. ಮುಚ್ಚಳದ ಮೇಲೆ ಎರಡು ಪುಟ್ಟ ಕುಳಿ. ಕುಳಿಗೆ ಪಂಚು ಇಟ್ಟು ಸುತ್ತಿಗೆಯಿಂದ ತಟ್ಟಿದರು, ಬಲಕ್ಕೆ. ನಾನು, "ಚಾಚಾ, ಬಿಗಿ ಮಾಡಾಕತ್ತೀರಿ" ಎಂದೆ. "ಉಲ್ಟಾ ಥ್ರೆಡ್ಡು ಬೇಟಾ. ಇದು ಬಲಕ್ಕೆ ಬಿಚ್ಚತೈತಿ." ಯಾಕೆಂದು ಕೇಳಿದ್ದಕ್ಕೆ ಕೈಯಲ್ಲೇ ತಿರುಗಿಸಿ ತೋರಿಸಿದರು: ನಾವು ತುಳಿಯದೆ ಇಳಿಯುವಾಗ ಹಲ್ಲಿನ ಬಿಲ್ಲೆ ನಿಂತಿರುತ್ತದೆ, ಅದರೊಳಗಿನ ಭಾಗ ಗಾಲಿಯ ಜೊತೆ ಓಡುತ್ತಿರುತ್ತದೆ, ಆ ತಿಕ್ಕಾಟಕ್ಕೆ ಮುಚ್ಚಳ ಎಡಕ್ಕೆ ಎಳೆಯಲ್ಪಡುತ್ತದೆ. ಎಲ್ಲದರಂತೆ ಇದ್ದಿದ್ದರೆ ಹತ್ತು ಇಳಿಜಾರು ಇಳಿಯುವಷ್ಟರಲ್ಲಿ ತಾನೇ ಕಳಚಿಕೊಳ್ಳುತ್ತಿತ್ತು. ಎಡಗಡೆ ಪೆಡಲಿಗೂ ಉಲ್ಟಾ ಥ್ರೆಡ್ಡು ಎಂದು ಅವತ್ತೇ ಗೊತ್ತಾದದ್ದು.

ಮುಚ್ಚಳ ಎದ್ದಾಗ ಕೆಳಗಿಟ್ಟ ಅಲ್ಯೂಮಿನಿಯಂ ತಟ್ಟೆಗೆ ಸಾಸಿವೆ ಸುರಿದಂತೆ ಬಾಲ್ಸು ಉದುರಿದವು. ಎಂಟನೇ ಒಂದು ಇಂಚಿನವು, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಒಳಗೆ ಎರಡು ಉಕ್ಕಿನ ನಾಲಿಗೆ. ಒಂದೊಂದು ಅಕ್ಕಿಕಾಳಿನ ಎರಡರಷ್ಟು ಉದ್ದ. ಅವುಗಳ ಬೆನ್ನಿಗೆ ಕೂದಲಿನಷ್ಟು ಸಣ್ಣ ತಂತಿಯ ಸ್ಪ್ರಿಂಗು. ಹೊರ ಬಿಲ್ಲೆಯ ಒಳಮೈಯಲ್ಲಿ ಗರಗಸದ ಥರ ಓರೆ ಹಲ್ಲುಗಳು. ಮುಂದಕ್ಕೆ ತುಳಿದರೆ ನಾಲಿಗೆ ಹಲ್ಲಿಗೆ ಸಿಕ್ಕಿಕೊಂಡು ಗಾಲಿಯನ್ನು ಎಳೆದೊಯ್ಯುತ್ತದೆ. ಕಾಲು ನಿಲ್ಲಿಸಿದರೆ ಹಲ್ಲುಗಳ ಬೆನ್ನಿನ ಮೇಲೆ ಟಿಕ್ ಟಿಕ್ ಟಿಕ್ ಎಂದು ಜಾರುತ್ತ ಹೋಗುತ್ತದೆ. ಹಿಂದಿಯವರು ಈ ನಾಲಿಗೆಗೆ ಕುತ್ತಾ, ಅಂದರೆ ನಾಯಿ, ಎನ್ನುತ್ತಾರೆ. ಕಚ್ಚಿದರೆ ಬಿಡುವುದಿಲ್ಲ ಎಂದಿರಬೇಕು. ಎರಡು ಕ್ವಿಂಟಲ್ ಜೋಳದ ಚೀಲ ಹೇರಿಕೊಂಡು ಹೋಗುವ ಸೈಕಲ್ಲೂ ಇಷ್ಟು ಪುಟ್ಟ ಎರಡು ಚೂರುಗಳ ಮೇಲೆ ನಿಂತಿದೆ ಎಂದು ನಂಬಲು ನನಗೆ ಹೊತ್ತು ಹಿಡಿಯಿತು.

ಆ ಟಿಕ್ ಟಿಕ್ ಒಂದೇ ಸಮ ಇರಬೇಕು. ಗರಗರ ಅಂದರೆ ಗುಂಡು ಸವೆದಿದೆ, ಇಲ್ಲವೆ ಮರಳು ಹೊಕ್ಕಿದೆ. ಹಗರಿಯ ಮರಳು ದಾಟಿ ಬರುವ ಸೈಕಲ್ಲುಗಳಿಗೆಲ್ಲ ಇದೇ ರೋಗ. ಕಣೇಕಲ್ಲಿನ ಹತ್ತಿರ ಹೊಲದೊಳಕ್ಕೇ ಮರಳು ದಿಬ್ಬ ಬಂದು ಕೂತಿರುತ್ತದೆ, ಫ್ರೀವೀಲಿನೊಳಕ್ಕೆ ಬರುವುದೇನು ದೊಡ್ಡದು. ಸದ್ದು ಅರ್ಧಕ್ಕೆ ಇಳಿದರೆ ಒಂದು ನಾಲಿಗೆಯ ಸ್ಪ್ರಿಂಗು ಹೋಗಿದೆ. ಕಾಲು ನಿಲ್ಲಿಸಿದಾಗ ಮೇಲುಗಡೆಯ ಚೈನು ಜೋತುಬಿದ್ದು ಪೆಡಲು ತಾನಾಗಿ ಪಾದವನ್ನು ಮುಂದಕ್ಕೆ ತಳ್ಳಿದರೆ ಫ್ರೀವೀಲು ಹಿಡಿದುಕೊಂಡಿದೆ. ಇನ್ನೊಂದು ದಿನ ಓಡಿಸಿದರೆ ಚೈನು ಕಳಚಿ ಬೀಳುತ್ತದೆ. ಇದನ್ನು ಮಾತ್ರ ಸ್ಟ್ಯಾಂಡ್ ಹಾಕಿಯೂ ನೋಡಬಹುದು: ಹಿಂದಿನ ಗಾಲಿಯನ್ನು ಕೈಯಿಂದ ಜೋರಾಗಿ ತಿರುಗಿಸು, ಪೆಡಲೂ ಅದರ ಹಿಂದೆ ತಿರುಗಿತೋ, ಮುಗಿಯಿತು.

ಹಾಗಾದರೆ ಸದ್ದೇ ಇಲ್ಲದಿದ್ದರೆ? ಅದನ್ನು ನಾನೇ ಮಾಡಿ ಕಲಿತೆ.

ಹಾಲು ಹಾಕುವವನೊಬ್ಬನ ಸೈಕಲ್ಲು ಓವರಾಯಿಲಿಂಗಿಗೆ ಬಂದಿತ್ತು. ಚಾಚಾ ಜುಮ್ಮಾ ನಮಾಜಿಗೆ ಹೋಗಿದ್ದರು. ಫ್ರೀವೀಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಜೋಡಿಸಿಡು ಎಂದಿದ್ದರು. ತೊಳೆದೆ, ಬಟ್ಟೆಯಲ್ಲಿ ಒರೆಸಿದೆ, ಮುತ್ತು ಪೋಣಿಸಿದಂತೆ ಗುಂಡು ಕೂರಿಸಿದೆ. ಹಬ್ಬಿಗೆ ಗ್ರೀಸು ಹಾಕುವುದನ್ನು ನೋಡಿದ್ದೆನಲ್ಲ, ನಾಲಿಗೆಗಳಿಗೂ ಹೆಬ್ಬೆರಳಿನಿಂದ ಧಾರಾಳವಾಗಿ ಮೆತ್ತಿದೆ. ಸಂಜೆ ಹಾಲಿನವನು ಒಂದು ಸುತ್ತು ಹೊಡೆದು, "ಬೆಣ್ಣಿ ಹೋದಂಗ ಹೊಕ್ಕೈತಿ, ಸದ್ದಿಲ್ಲ" ಎಂದು ಹೊಗಳಿ ಹೋದ. ಅವನ ಕೈಯಿಂದ ನನಗೆ ಹತ್ತು ಪೈಸೆ ಬಕ್ಷೀಸು ಬೇರೆ.

ಮಾರನೇ ದಿನ ಬೆಳಿಗ್ಗೆ ಅವನು ಸೈಕಲ್ಲು ತಳ್ಳಿಕೊಂಡು ಬಂದ. ನಸುಕಿನ ತಂಪಿಗೆ ಗ್ರೀಸು ಬಿಗಿದು ನಾಲಿಗೆಗಳು ಒಳಕ್ಕೆ ಅಂಟಿಕೊಂಡು ಬಿಟ್ಟಿದ್ದವು. ಪೆಡಲು ತುಳಿದರೆ ಗಾಳಿಯಲ್ಲಿ ತುಳಿದಂತೆ. ಹಿಂದಕ್ಕೂ ಫ್ರೀ, ಮುಂದಕ್ಕೂ ಫ್ರೀ. ಕ್ಯಾನು ಸಮೇತ ಮೂರು ಮೈಲಿ ನಡೆದಿದ್ದಾನೆ, ಅರ್ಧ ಹಾಲು ಒಡೆದಿದೆ. ಚಾಚಾ ನನ್ನನ್ನು ಬೈಯಲಿಲ್ಲ, ಆಶ್ಚರ್ಯ. ಫ್ರೀವೀಲನ್ನು ನನ್ನ ಕೈಗೇ ಕೊಟ್ಟು ಮತ್ತೆ ಬಿಚ್ಚಿಸಿದರು. ಪಕ್ಕದ ದರ್ಜಿ ಅಂಗಡಿಯಿಂದ ಮಿಷನ್ ಎಣ್ಣೆಯ ಪುಟ್ಟ ಡಬ್ಬಿ ತರಿಸಿ, "ಎರಡು ತೊಟ್ಟು. ಮೂರನೇದು ಹಾಕಿದ್ಯೋ ಕೈ ಮುರೀತೀನಿ" ಎಂದರು. ಆ ಹತ್ತು ಪೈಸೆಯನ್ನು ವಾಪಸು ಕೊಡಿಸಿದರು. ಈಗ ರಾಯದುರ್ಗ ಜೀನ್ಸ್ ಹೊಲಿಗೆಗೆ ಹೆಸರಾಗಿದೆ, ಮಿಷನ್ ಎಣ್ಣೆಗೆ ಬರವಿಲ್ಲ. ಆ ವಾಸನೆ ಬಂದರೆ ನನಗೆ ಬಟ್ಟೆಯ ನೆನಪಾಗುವುದಿಲ್ಲ, ಒಡೆದ ಹಾಲಿನ ನೆನಪಾಗುತ್ತದೆ.

ಹತ್ತು ವರ್ಷದ ಮೇಲೆ, 1984ರಲ್ಲಿ, ಮಡಕಶಿರಾ ತಾಲ್ಲೂಕಿನ ಕನ್ನಡ ಮಾಧ್ಯಮದ ಶಾಲೆಯೊಂದಕ್ಕೆ ನಾನು ಮೇಷ್ಟ್ರಾಗಿ ಹೋದೆ. ಜಿಲ್ಲೆ ಒಂದೇ, ಅನಂತಪುರ. ಆದರೆ ಬಸ್ಸಿನಲ್ಲಿ ಕಲ್ಯಾಣದುರ್ಗದ ಮೇಲೆ ಇಡೀ ದಿನದ ಪ್ರಯಾಣ. ನಡುವೆ ಪಾವಗಡದ ಹತ್ತಿರ ಕರ್ನಾಟಕಕ್ಕೆ ಹೋಗಿ ಮತ್ತೆ ಆಂಧ್ರಕ್ಕೆ ಬರುವ ಚಮತ್ಕಾರ ಬೇರೆ. ಇಳಿದಾಗ ಕಿವಿಗೆ ಮೊದಲು ಬಿದ್ದದ್ದು ಬೇರೆಯದೇ ಕನ್ನಡ. ರಾಯದುರ್ಗದ್ದು ಬಳ್ಳಾರಿ ಸೀಮೆಯ 'ಐತಿ', ಇಲ್ಲಿನದು ಶಿರಾ, ಮಧುಗಿರಿ ಕಡೆಯ 'ಐತೆ'. ಅಮರಾಪುರ, ರೊಳ್ಳ, ಗುಡಿಬಂಡೆ, ಅಗಳಿ, ಎಲ್ಲಿ ಹೋದರೂ ಮನೆಮಾತು ಕನ್ನಡವೇ. ನಾನು ಬಾಯಿ ತೆರೆದರೆ ಮಕ್ಕಳು ನಗುತ್ತಿದ್ದವು. ನಾನು "ಕುಂದರ್ರಿ" ಅಂದರೆ ಅವು "ಕೂತ್ಕಳಿ ಅನ್ನಿ ಸಾ" ಎಂದು ತಿದ್ದುತ್ತಿದ್ದವು.

ಆಗ ಆಂಧ್ರದ ಗೋಡೆಗಳ ಮೇಲೆಲ್ಲ ಸೈಕಲ್ಲು. ತೆಲುಗು ದೇಶಂ ಪಕ್ಷದ ಗುರುತು ಅದೇ, 1983ರಲ್ಲಿ ಎನ್.ಟಿ. ರಾಮರಾವ್ ಗೆದ್ದ ಮೇಲೆ ಬರೆಯದ ಗೋಡೆಯೇ ಉಳಿದಿರಲಿಲ್ಲ. 1985ರಲ್ಲಿ ಅವರೇ ನಮ್ಮ ಪಕ್ಕದ ಹಿಂದೂಪುರದಿಂದ ನಿಂತರು. ಮಡಕಶಿರಾದ ಸೈಕಲ್ ಶಾಪಿನವನು ಗೋಡೆ ತೋರಿಸಿ, "ನೋಡಿ ಮೇಷ್ಟ್ರೇ, ಬರೆಯೋನು ಚೈನೇ ಬುಟ್ಟವ್ನೆ. ಚೈನಿಲ್ದಿರ ಗಾಡಿ ಎಂಗಾದ್ರೂ ಸದ್ ಮಾಡಾತು?" ಎಂದು ನಗಾಡಿದ್ದ. ಅವನು ಯಾವ ಪಕ್ಷದವನೋ ಕೇಳಲಿಲ್ಲ.

ಅವನ ಹತ್ತಿರವೇ ಹಳೆಯದೊಂದು ಸೈಕಲ್ಲು ಕೊಂಡಿದ್ದೆ. ಆ ಊರಿನಲ್ಲಿ ಸೈಕಲ್ಲಿನ ಬಗ್ಗೆ ನನ್ನ ಕಿವಿಗೆ ಹೆಸರು ಬಂದದ್ದು ನಮ್ಮ ಹೆಡ್‌ಮೇಷ್ಟ್ರ ದೆಸೆಯಿಂದ. ಅವರ ಸೈಕಲ್ಲು ಹೆಜ್ಜೆಗೊಮ್ಮೆ 'ಕುಂಯ್' ಎನ್ನುತ್ತಿತ್ತು. ಬಿಬಿ ಕಪ್ಪು ಹೊಸದಾಯಿತು, ಕಾಟರ್ ಪಿನ್ನು ಹೊಸದಾಯಿತು, ಪೆಡಲೂ ಹೊಸದಾಯಿತು, ಕುಂಯ್ ಮಾತ್ರ ಹಳೆಯದೇ. ಇಳಿಜಾರಿನಲ್ಲಿ ಕಾಲು ನಿಲ್ಲಿಸಿದರೆ ಸದ್ದಿಲ್ಲ, ಆದ್ದರಿಂದ ಮುಂದಿನದೇ ತಪ್ಪು ಎಂದು ಎಲ್ಲರ ತರ್ಕ. ಚಾಚಾನ ಶಿಷ್ಯನಾದ ನನ್ನದೂ ಅದೇ. ಕೊನೆಗೊಂದು ದಿನ ನಾನು ಅವರ ಸೈಕಲ್ಲನ್ನು ತುಳಿದು ನೋಡುವಾಗ ಏರು ಬಂತೆಂದು ಸೀಟಿನಿಂದ ಎದ್ದು ತುಳಿದೆ. ಕುಂಯ್ ಮಾಯ. ತುಳಿಯುವಾಗ ಆಳು ಎಡಕ್ಕೂ ಬಲಕ್ಕೂ ಒಲೆಯುತ್ತಾನೆ, ಕಾಲು ನಿಲ್ಲಿಸಿದರೆ ಒಲೆಯುವುದಿಲ್ಲ. ನರಳುತ್ತಿದ್ದದ್ದು ಸೀಟಿನ ಸ್ಪ್ರಿಂಗು. ಚಾಚಾನ ಲೆಕ್ಕದಲ್ಲಿ ಮೂರನೇ ಸಂಸಾರ ಒಂದಿತ್ತು, ಅದು ಸೀಟಿನ ಮೇಲೆ ಕೂತಿರುತ್ತಿತ್ತು. ಒಂದು ತೊಟ್ಟು ಎಣ್ಣೆಗೆ ಹೋಯಿತು. ಹೆಡ್‌ಮೇಷ್ಟ್ರು ಖುಷಿಯಾದರೋ, ಮೊದಲೇ ಹಾಕಿಸಿದ ಹೊಸ ಸಾಮಾನಿನ ದುಡ್ಡು ನೆನೆದು ನೊಂದರೋ ತಿಳಿಯಲಿಲ್ಲ.

ಹೀಗೆ ಊರವರ ಸೈಕಲ್ಲಿಗೆಲ್ಲ ಕಿವಿಗೊಡುತ್ತಿದ್ದವನಿಗೆ ತನ್ನದರ ಮಾತು ಕೇಳಲಿಲ್ಲ. ಕೇಳಲಿಲ್ಲ ಎಂದರೆ ಸುಳ್ಳಾಗುತ್ತದೆ; ಕೇಳಿ ಸುಮ್ಮನಿದ್ದೆ. ಆ ಕಾರ್ತೀಕದಲ್ಲಿ ಎರಡು ವಾರದಿಂದ ನನ್ನ ಫ್ರೀವೀಲಿನ ಟಿಕ್ ಟಿಕ್ ಸಣ್ಣದಾಗಿತ್ತು. ಒಮ್ಮೊಮ್ಮೆ ಜೋರಾಗಿ ತುಳಿದರೆ 'ಕಡಕ್' ಎಂದು ಒಂದು ಹಲ್ಲು ಜಾರುತ್ತಿತ್ತು. ಭಾನುವಾರ ಬಿಚ್ಚೋಣ ಎಂದುಕೊಂಡೆ. ಭಾನುವಾರ ಬಂದಾಗ ಬಿಚ್ಚುವುದು ಬಿಟ್ಟು ಅದರ ಮೇಲೆಯೇ ಹತ್ತಿ ಹೇಮಾವತಿಗೆ ಹೋದೆ.

ಹೇಮಾವತಿ ಎಂದರೆ ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿ. ಸಿದ್ಧೇಶ್ವರನ ಗುಡಿಯಲ್ಲಿ ಶಿವ ಲಿಂಗವಾಗಿರದೆ ಮನುಷ್ಯನಂತೆ ಕೂತಿದ್ದಾನೆ. ಅಂಗಳದಲ್ಲಿ ನುಣುಪಾದ ಕಪ್ಪು ಕಲ್ಲಿನ ಕಂಬಗಳು. ಮುಟ್ಟಿದರೆ ಬೆರಳು ಜಾರುತ್ತದೆ. ಇಂಥ ನೊಳಂಬ ಕಂಬಗಳನ್ನು ಚೋಳರು ಹೊತ್ತುಕೊಂಡು ಹೋದವು ತಂಜಾವೂರಿನ ಹತ್ತಿರದ ತಿರುವೈಯಾರಿನ ಗುಡಿಯಲ್ಲಿ ಇವತ್ತೂ ನಿಂತಿವೆ. ಆ ಕಾಲದಲ್ಲಿ ಅಷ್ಟು ದೂರ ಅವನ್ನು ಹೇಗೆ ಸಾಗಿಸಿದರೋ ಎಂದು ಯೋಚಿಸುತ್ತ ವಾಪಸು ಹೊರಟವನು ನಾನು. ಒಂದು ಸಣ್ಣ ದಿಬ್ಬ ಹತ್ತುವಾಗ ಕಡಕ್ ಎಂದಿತು. ಆಮೇಲೆ ಏನೂ ಇಲ್ಲ. ಪೆಡಲು ಎರಡೂ ಕಡೆಗೆ ಫ್ರೀ. ಹನ್ನೊಂದು ವರ್ಷದ ಹಿಂದಿನ ಹಾಲಿನವನು ಎಲ್ಲೋ ಕೂತು ನಕ್ಕಿರಬೇಕು.

ಸುತ್ತ ಶೇಂಗಾ ಹೊಲ, ಕಿತ್ತು ಗುಡ್ಡೆ ಹಾಕಿದ ಬಳ್ಳಿ. ಗುಡ್ಡೆಯ ನೆರಳಿಗೆ ಕೂತಿದ್ದ ರೈತರೊಬ್ಬರು ಎದ್ದು ಬಂದರು. ನನ್ನ ಸೈಕಲ್ಲನ್ನು ಎತ್ತಿನ ಹಲ್ಲು ನೋಡುವ ಹಾಗೆ ಬಗ್ಗಿ ನೋಡಿದರು. "ಒಳ್ಗೆ ಮುರ್ದೈತೆ ಕಣ್ ಮೇಷ್ಟ್ರೇ. ನಡ್ಕಂಡ್ ಯಾವಾಗ್ ಓಗೀರಿ? ತಡೀರಿ, ಕಟ್ಟಾಕ್ ಬುಡಾನ." ಬೇಲಿಯಿಂದ ಒಂದು ಮೊಳ ತಂತಿ ಬಿಚ್ಚಿ ತಂದರು. ನನ್ನ ಫ್ರೀವೀಲಿನ ಬಿಲ್ಲೆಯಲ್ಲಿ ಹಗುರಕ್ಕೆಂದು ಬಿಟ್ಟ ಪುಟ್ಟ ತೂತುಗಳಿದ್ದವು. ಅವುಗಳ ಮೂಲಕ ತಂತಿ ತೂರಿಸಿ, ಗಾಲಿಯ ಕಡ್ಡಿಗಳಿಗೆ ಮೂರು ಕಡೆ ಹೊಸೆದು ಬಿಗಿದರು. ಬೀಗರನ್ನು ಗಾಲಿಯ ಮನೆಗೇ ಕಟ್ಟಿಹಾಕಿದ ಹಾಗೆ. "ಒಂದೇ ಮಾತು ನೆನಪಿಟ್ಕಳಿ. ಕಾಲ್ ನಿಲ್ಲಿಸ್‌ಬ್ಯಾಡಿ."

ನೆನಪಿಟ್ಟುಕೊಂಡೆ, ಮೊದಲ ಇಳಿಜಾರಿನವರೆಗೆ. ಇಳಿಜಾರು ಬಂದರೆ ಕಾಲು ನಿಲ್ಲುವುದು ಮೈಗೆ ಅಂಟಿದ ಚಾಳಿ. ಮನಸ್ಸಿಗೆ ಹೇಳಿ ಮಾಡುವುದಲ್ಲ. ನಿಲ್ಲಿಸಿದೆ. ಪೆಡಲು ಕೆಳಗಿನಿಂದ ಕತ್ತೆ ಒದ್ದಂತೆ ಒದ್ದು ಮಂಡಿಯನ್ನು ಎದೆಗೆ ತಂದಿತು. ಚಪ್ಪಲಿ ಹಾರಿ ಶೇಂಗಾ ಹೊಲಕ್ಕೆ ಬಿತ್ತು. ಬ್ರೇಕು ಹಿಡಿದೆ, ಕಾಲುಗಳು ಮಾತ್ರ ನನ್ನವಲ್ಲದಂತೆ ಗಿರಗಿರ ತಿರುಗುತ್ತಲೇ ಇದ್ದವು. ಇಳಿದು ಚಪ್ಪಲಿ ಹುಡುಕಿಕೊಂಡು ಬಂದೆ. ಎರಡನೆಯ ಇಳಿಜಾರಿನಲ್ಲಿ ಪೆಡಲು ಬಿಟ್ಟು ಎರಡೂ ಕಾಲನ್ನು ಎತ್ತಿ ಅಗಲಿಸಿ ಹಿಡಿದು ಇಳಿದೆ. ಎದುರು ಬಂದ ಕುರಿಯವನು ದಾರಿ ಬಿಟ್ಟು ಹೊಲಕ್ಕೆ ಹಾರಿದ.

ಆಮೇಲೆ ಓದಿ ತಿಳಿದೆ: ನೂರಿಪ್ಪತ್ತು ಮೂವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಜನ ಓಡಿಸುತ್ತಿದ್ದ ಸೈಕಲ್ಲುಗಳೆಲ್ಲ ಹೀಗೇ ಇದ್ದವಂತೆ. ಇ‌ಳಿಜಾರಿನಲ್ಲಿ ಕಾಲಿಡಲು ಮುಂದಿನ ಫೋರ್ಕಿನ ಮೇಲೆ ಎರಡು ಗೂಟ ಇರುತ್ತಿದ್ದವು. ಫ್ರೀವೀಲು ಎಲ್ಲರ ಸೈಕಲ್ಲಿಗೂ ಬಂದದ್ದು 1900ರ ಆಸುಪಾಸಿನಲ್ಲಿ. ಸರ್ಕಸ್ಸಿನವರು ಹಿಂದಕ್ಕೂ ಓಡಿಸುವುದು ಇಂಥ ಕಟ್ಟಿಹಾಕಿದ ಗಾಲಿಯಿಂದಲೇ. ಆ ಭಾನುವಾರ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ತಿಳಿದದ್ದು ಇಷ್ಟು: ಕಾಲು ನಿಲ್ಲಿಸದೆ ತುಳಿಯುವ ಸೈಕಲ್ಲಿನಲ್ಲಿ ಯಾವ ಸದ್ದು ಎಲ್ಲಿಂದ ಬರುತ್ತಿದೆ ಎಂದು ಬ್ರಹ್ಮನಿಗೂ ಹೇಳಲಾಗದು. ಎಲ್ಲರೂ ಒಟ್ಟಿಗೆ ಅರಚುತ್ತಿರುತ್ತಾರೆ.

ಮಡಕಶಿರಾದ ಶಾಪಿನವನು ಹಳೆಯ ಫ್ರೀವೀಲನ್ನು ಬಿಚ್ಚದೆ ಎಸೆಯಲು ಹೋದ. ಕೇಳಿ ಇಸಿದುಕೊಂಡು ಮನೆಯಲ್ಲಿ ಬಿಚ್ಚಿದೆ, ತಟ್ಟೆ ಇಟ್ಟುಕೊಂಡು. ಒಂದು ನಾಲಿಗೆಯ ತುದಿ ಹಿಂದೆಯೇ ಮುರಿದು ಮುರಿದ ಜಾಗ ನುಣ್ಣಗಾಗಿತ್ತು. ಎರಡು ವಾರ ಇಡೀ ಭಾರ ಹೊತ್ತಿದ್ದ ಇನ್ನೊಂದರದು ಹೊಸ ಗಾಯ, ಬೆಳ್ಳಗೆ ಮಿನುಗುತ್ತಿತ್ತು. ಆ ಎರಡು ಚೂರುಗಳನ್ನು ಬಹಳ ವರ್ಷ ಸೀಮೆಸುಣ್ಣದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ತರಗತಿಯಲ್ಲಿ ಮಕ್ಕಳ ಕೈಗೆ ಕೊಟ್ಟು ಇದೇನು ಹೇಳಿ ಎನ್ನುತ್ತಿದ್ದೆ. ಒಬ್ಬ ಹುಡುಗಿ ಮಾತ್ರ ಸರಿಯಾಗಿ ಹೇಳಿದಳು. ಅವಳಪ್ಪನದು ಪಂಚರ್ ಅಂಗಡಿ.

ಮೊನ್ನೆ ಮೊನ್ನೆಯ ಮಾತೊಂದು ಬಾಕಿ ಇದೆ. ಬಳ್ಳಾರಿಯಲ್ಲಿರುವ ಮೊಮ್ಮಗನಿಗೆ ಗೇರಿನ ಸೈಕಲ್ಲು ಕೊಡಿಸಿದ್ದಾರೆ. ಈಗಿನವಕ್ಕೆ ಕಾಲು ನಿಲ್ಲಿಸಿದರೆ ಮಿಡತೆ ಕೂಗಿದಂತೆ ಜೋರು ಸದ್ದು ಬರುವುದೇ ಶೋಕಿಯಂತೆ. ಅವನು ತುಳಿಯುವುದು ಬಿಟ್ಟಾಗಲೆಲ್ಲ ಚೈನು ಫ್ರೇಮಿಗೆ 'ಪಟ ಪಟ' ಬಡಿಯುತ್ತಿತ್ತು. ಕೊಂಡ ಅಂಗಡಿಯವರು ನೋಡಿ, ಚೈನು, ಹಿಂದಿನ ಹಲ್ಲಿನ ಸೆಟ್ಟು, ಗೇರು ಬದಲಿಸುವ ಕೈ ಎಲ್ಲವನ್ನೂ ಹೊಸದು ಹಾಕಬೇಕೆಂದು ಸಾವಿರಗಳಲ್ಲಿ ಚೀಟಿ ಬರೆದುಕೊಟ್ಟಿದ್ದರು. ನಾನು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಹಿಂದಿನ ಗಾಲಿ ತಿರುಗಿಸಿದೆ. ಪೆಡಲು ಮೆಲ್ಲಗೆ ಅದರ ಹಿಂದೆ ಹೊರಟಿತು, ಚೈನು ಜೋಕಾಲಿಯಂತೆ ಜೋತುಬಿತ್ತು. "ತಾತಾ, ತಾನೇ ತಿರುಗ್ತಿದೆ!" ಎಂದ ಹುಡುಗ. ಬೇರೊಂದು ಸಣ್ಣ ಅಂಗಡಿಯ ಹುಡುಗನಿಗೆ ಹೇಳಿ ಹಬ್ಬು ಬಿಚ್ಚಿಸಿದೆವು. ಒಳಗೆ ಒಣಗಿದ ಗ್ರೀಸು, ಅಂಟು, ಕಪ್ಪು ಕೆಸರು. ಯಾರೋ ಒಬ್ಬ ನನ್ನಂಥವನೇ ಧಾರಾಳವಾಗಿ ಮೆತ್ತಿದ್ದಾನೆ. ತೊಳೆದು ತೆಳು ಎಣ್ಣೆ ಬಿಟ್ಟ ಮೇಲೆ ಪಟ ಪಟ ನಿಂತು ಮಿಡತೆ ಮಾತ್ರ ಉಳಿಯಿತು. ಕೂಲಿ ನೂರೈವತ್ತು.

ನನ್ನ ಎರಡೂ ಊರುಗಳ ನಡುವೆ ಈಗ ರಾಯದುರ್ಗ-ತುಮಕೂರು ರೈಲಿನ ಹಳಿ ಬರುತ್ತಿದೆ. ಕಲ್ಯಾಣದುರ್ಗ, ಪಾವಗಡ, ಮಡಕಶಿರಾ ಎಂದು ಅದರ ದಾರಿ. ಜಿಲ್ಲೆ ಮಾತ್ರ ಬೇರೆಯಾಯಿತು. 2022ರ ಏಪ್ರಿಲ್ 4ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿದೆ, ರಾಯದುರ್ಗ ಅನಂತಪುರದಲ್ಲೇ ಇದೆ. ಚಾಚಾ ಹೋಗಿ ಬಹಳ ಕಾಲವಾಯಿತು. ಅಂಗಡಿ ಇದ್ದಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಇಳಿಜಾರು ಹಾಗೇ ಇದೆ, ಮೇಲೆ ಡಾಂಬರು ಹಾಕಿ ಎರಡು ಉಬ್ಬು ಕಟ್ಟಿದ್ದಾರೆ.

ನಿಮ್ಮ ಮನೆಯಲ್ಲಿ ಸದ್ದು ಮಾಡುವ ಸೈಕಲ್ಲಿದ್ದರೆ ಚೈನಿಗೆ ಎಣ್ಣೆ ಸುರಿಯುವ ಮೊದಲು ಒಂದು ಇಳಿಜಾರು ಹುಡುಕಿ, ಒಂದು ಸಲ ತುಳಿಯದೆ ಇಳಿಯಿರಿ, ಇನ್ನೊಂದು ಸಲ ಸೀಟಿನಿಂದ ಎದ್ದು ನಿಂತು ತುಳಿಯಿರಿ. ಹಳೆಯ ಫ್ರೀವೀಲು ಬಿಚ್ಚಲೇಬೇಕಾಗಿ ಬಂದರೆ ಮುಚ್ಚಳವನ್ನು ಬಲಕ್ಕೆ ತಿರುಗಿಸಿ. ಕೆಳಗೊಂದು ತಟ್ಟೆ ಇಡುವುದನ್ನು ಮರೆಯಬೇಡಿ.